ಉಡಚಪ್ಪನ ಗಂಟಲಲ್ಲಿದ್ದ ಅವ್ವ

ಹೇಗೆ ಶುರು ಮಾಡಲಿ? ಸಾವಿರದ ಎಂಟುನೂರ ಐವತ್ತರ ದಶಕ, ಮಲಪ್ರಭೆಯ ಈ ಸೀಮೆ ಎಂದ ಕೂಡಲೇ ನೀವು ನರಗುಂದದ ಬಂಡಾಯ, ಕೋಟೆ, ತೋಪು, ಕುದುರೆ ಕೇಳುತ್ತೀರಿ. ನನ್ನ ಬಳಿ ಇರುವುದು ಒಂದು ಕಟ್ಟಿದ ಗಂಟಲು. (ಬಜೆಟ್ ಇಷ್ಟೇ.)

೧. ಊರು ಹೊಳೆಮಣ್ಣೂರ. ಹೆಸರಿನಲ್ಲಿ ಹೊಳೆ, ಮಣ್ಣು, ಊರು ಮೂರೂ ಇವೆ. ಮಲಪ್ರಭೆ ಏರಿದ್ದರಿಂದ ಈಗ ಮೊದಲನೆಯದಷ್ಟೇ ಕಾಣುತ್ತಿದೆ. ಕೂಲಿಕಾರ ಉಡಚಪ್ಪ, ಹೆಂಡತಿ ಯಂಕವ್ವ, ತಂಗಿ ಗುಡ್ಡವ್ವ ಮಾಳಿಗೆ ಹತ್ತಿದ್ದಾರೆ. ಅಂಬಿಗರ ಕರೆಪ್ಪ ಹರಗೋಲು ತಂದು ಮಾಳಿಗೆಗೆ ಆನಿಸಿದ್ದಾನೆ.

೨. ಈ ಮನೆಯಲ್ಲೊಂದು ಪದ್ಧತಿ: ಸತ್ತವರ ಧ್ವನಿಯನ್ನು ಬದುಕಿದವರು ಹಂಚಿಕೊಂಡು ತಮ್ಮ ಗಂಟಲಲ್ಲಿ ಇಟ್ಟುಕೊಳ್ಳುತ್ತಾರೆ. ಗುಡ್ಡವ್ವನ ಪಾಲಿಗೆ ಅಜ್ಜನ ಸೀನು, ಕಾಕಾನ ಗೊರಕೆ. ಉಡಚಪ್ಪನ ಪಾಲಿಗೆ ಅವ್ವನ ಬೈಗುಳ. ಹಬ್ಬದೂಟಕ್ಕೆ ಮೊದಲು ಎಲ್ಲವನ್ನೂ ಹೊರತೆಗೆದು ಗಾಳಿಗೆ ಹಿಡಿಯುತ್ತಾರೆ.

(ಮೊದಲ ಕರಡಿನಲ್ಲಿ ಅವ್ವನ ನೆನಪಿಗೆ ಬೆಳ್ಳಿಯ ಕಡಗ ಇಟ್ಟಿದ್ದೆ. ಯಂಕವ್ವ ನಕ್ಕಳು: "ಬೆಳ್ಳಿ ಇತ್ತಂದ್ರ ಹೊಳಿ ದಂಡ್ಯಾಗ ಯಾಕ ಇರ್ತಿದ್ವಿರೀ?" ಹರಿದು ಹಾಕಿದೆ.)

೩. ಮಳೆಯಲ್ಲಿ ನೆನೆದು ಉಡಚಪ್ಪನ ಗಂಟಲು ಪೂರ್ತಿ ಕಟ್ಟಿದೆ. ಆತ ಕೈಸನ್ನೆ ಮಾಡಿದ. ಗುಡ್ಡವ್ವ ಬಿಡಿಸಿ ಹೇಳಿದಳು: "ನಾ ಹೊಳಿ ಪಾಲಾದ್ರ ಅವ್ವನೂ ಹೋಗ್ತಾಳ. ಆಕೀನ ಯಾರಿಗರ ದಾಟಿಸಿದ ಮ್ಯಾಲೇ ಹತ್ತತೀನಿ ಅಂತಾನ."

ಹೇಳುತ್ತಲೇ ಸೀನಿದಳು, ಅಜ್ಜನಂತೆ.

"ಲಗೂ ಹತ್ತರ್ಯೋ!" ಎಂದ ಕರೆಪ್ಪ. "ಮತ್ತ್ಯಾವ ಮುದುಕಪ್ಪ ಅಂವಾ ಸೀನಿದಾಂವ? ಹೆಚ್ಚ ಮಂದಿ ತುಂಬಿದ್ರ ಮುಳಗತೈತಿ!"

"ನಮ್ಮಜ್ಜ. ಸತ್ತು ಭಾಳ ದಿನಾತು."

"ಹಂಗಾರ ಬರ್ಲಿ. ಭಾರ ಆಗೂದಿಲ್ಲ."

ಉಡಚಪ್ಪ ಹೆಂಡತಿಯ ಕಡೆ ಬೆರಳು ತೋರಿಸಿದ.

"ಅತ್ತಿ ಬೈಗಳಾ ನಾ ಹೊರಲಾ? ಜೀವಂತ ಇದ್ದಾಗ ಬೈಸಿಕೊಂಡದ್ದು ಸಾಲದೇನ?"

೪. ಮುಕ್ತಾಯ ಒಂದು: ಯಂಕವ್ವ ಕಣ್ಣೀರಿಟ್ಟು ಒಪ್ಪುತ್ತಾಳೆ.

"ಅಳಾಕ ಹೇಳಿದವರ್ಯಾರ್ರೀ?" ಎಂದು ಆಕೆ ನನ್ನ ಮೇಲೆಯೇ ಹಾಯ್ದಳು. "ಇಲ್ಲಿ ನೀರೇನ ಕಡಿಮಿ ಐತೇನ?"

ಮುಕ್ತಾಯ ಎರಡು: ಗೋಡೆ ಬೀಳುತ್ತದೆ.

(ಬರೆದಿದ್ದೇ ತಡ, ಬಿತ್ತು. ಸಾರಿ.)

ಮಾಳಿಗೆ ವಾಲಿತು. ಹೆಂಗಸರಿಬ್ಬರೂ ಹರಗೋಲಿಗೆ ಜಿಗಿದರು. ಉಡಚಪ್ಪ ಅಲ್ಲಾಡಲಿಲ್ಲ. ಆಗ ಯಂಕವ್ವನ ಬಾಯಿಂದ ಸತ್ತವಳ ಧ್ವನಿ ಸಿಡಿಯಿತು:

"ಏ ಉಡಚ್ಯಾ! ಎಮ್ಮಿಹಂಗ ಕುಂತೀಯಲ್ಲಲೇ! ರೊಟ್ಟಿ ಆರಾಕತ್ತೈತಿ, ಏಳ!"

ಮೀಸೆ ನರೆತ ಉಡಚಪ್ಪ ಹುಡುಗನಂತೆ ಹಾರಿ ಬಂದು ಕುಳಿತ. ಆತ ಇಷ್ಟು ವರ್ಷ ಮಾಡುತ್ತಿದ್ದ ಅವ್ವ ಇದರ ಮುಂದೆ ಬರೀ ಮಿಮಿಕ್ರಿ.

೫. ನಡುಹೊಳೆಯಲ್ಲೂ ಯಂಕವ್ವ ನಿಲ್ಲಿಸಲಿಲ್ಲ. ಬೈಗುಳ ಮುಗಿದು, ಅದೇ ಧ್ವನಿ ಪಿಸುಮಾತಿಗೆ ಇಳಿಯಿತು: "ತಗೋ, ನನ್ನ ಪಾಲಿಂದೂ ತಿನ್ನ. ಬಸರಿ ಹೆಂಗಸು ಹಸದಿರಬಾರ್ದು. ನಾ ಉಂಡೀನಿ ಅಂತ ಅವರಿಗೆ ಹೇಳ್ತೀನಿ."

ಉಡಚಪ್ಪ ಬೆರಗಾಗಿ ನೋಡಿದ.

"ಅವ್ವ ಹಿಂಗ ಯಾವಾಗ ಅಂದಿದ್ಲ, ಅತ್ತಿಗಿ?" ಎಂದಳು ಗುಡ್ಡವ್ವ.

"ನಾ ಬಸರಿದ್ದಾಗ, ನೀವೆಲ್ಲಾ ಹೊಲಕ್ಕ ಹೋದ ಮ್ಯಾಲೆ. ದಿನಾ."

೬. ದಡ ಸಿಕ್ಕಿತೇ ಎನ್ನುತ್ತೀರಿ. ಸಿಕ್ಕಿತು ಎಂದು ಬರೆದರೆ ಯಂಕವ್ವ ಇಳಿಯುತ್ತಾಳೆ, ಸೆರಗು ಹಿಂಡುತ್ತಾಳೆ, ಸುಮ್ಮನಾಗುತ್ತಾಳೆ. ನಾನು ಬರೆಯುವುದಿಲ್ಲ. ಕರೆಪ್ಪ ಕೂಡ ಹುಟ್ಟು ಮೇಲೆತ್ತಿ ಹಿಡಿದು ಕೇಳುತ್ತಿದ್ದಾನೆ:

"ಮುಂದ ಏನಂತಿದ್ಲವ್ವಾ, ನಿಮ್ಮತ್ತಿ?"