ಬರುವುದಿಲ್ಲ ಎಂದು ಬರೆದವಳು

ಆ ಶಾಲೆಯಲ್ಲಿ ವರ್ಷಕ್ಕೊಮ್ಮೆ, ಹೊಸ ಪುಸ್ತಕಗಳ ಅಂಟಿನ ವಾಸನೆ ಆರುವ ಮೊದಲೇ, ಪ್ರತಿ ಟೀಚರ್ ಮೇಜಿನ ಮೇಲೂ ಒಂದು ನೀಲಿ ಹಾಳೆ ಬಂದು ಬೀಳುತ್ತಿತ್ತು. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ಶಿಕ್ಷಕರ ವೈಯಕ್ತಿಕ ಬೆಳವಣಿಗೆಯ ಗುರಿ’. ಕೆಳಗೆ ಮೂರೇ ಪ್ರಶ್ನೆ. ನೀವು ಯಾವುದರಲ್ಲಿ ಬೆಳೆಯಬೇಕು? ಬೆಳೆದದ್ದನ್ನು ಹೇಗೆ ಅಳೆಯುತ್ತೀರಿ? ಶಾಲೆಯಿಂದ ಯಾವ ನೆರವು ಬೇಕು?

ಇದಕ್ಕೆ ಉತ್ತರ ಬರೆಯುವ ವಿದ್ಯೆಯನ್ನು ಯಾರೂ ಯಾರಿಗೂ ಹೇಳಿಕೊಡುತ್ತಿರಲಿಲ್ಲ. ಗಾಳಿಯಲ್ಲೇ ಬರುತ್ತಿತ್ತು. ಆಗಲೇ ಚೆನ್ನಾಗಿ ಬರುವುದನ್ನು ‘ಕಲಿಯಬೇಕು’ ಎಂದು ಬರೆಯುವುದು. ವರ್ಷದ ಕೊನೆಗೆ ‘ಗುರಿ ಸಾಧಿಸಲಾಗಿದೆ’ ಎಂಬ ಮೊಹರು ಒತ್ತಿಸಿಕೊಳ್ಳುವುದು. ಹೊಟ್ಟೆ ತುಂಬ ಉಂಡು ಕೈ ತೊಳೆದವರು, ‘ಈ ವರ್ಷ ಒಂದು ತುತ್ತಾದರೂ ಉಣ್ಣುವ ಆಸೆಯಿದೆ’ ಎಂದು ಬರೆದುಕೊಟ್ಟ ಹಾಗೆ. ಗೋಡೆ ತುಂಬ ಚಿತ್ರಪಟ ಅಂಟಿಸುವ ಒಂದನೇ ತರಗತಿಯ ಟೀಚರ್‌ಗೆ ಎಲ್ಲರೂ ಚಾರ್ಟ್ ಅಕ್ಕ ಎನ್ನುತ್ತಿದ್ದರು. ಆಕೆ ಪ್ರತಿ ವರ್ಷ ಚಾರ್ಟ್ ಮಾಡುವುದನ್ನು ಕಲಿಯುತ್ತಿದ್ದಳು. ಎರಡನೇ ತರಗತಿಯ ಕಡ್ಡಿ ಮಿಸ್ ಹದಿನೆಂಟು ವರ್ಷದಿಂದ ಮಕ್ಕಳ ಕೈಬರಹ ತಿದ್ದುವುದನ್ನು ಕಲಿಯುತ್ತಿದ್ದಳು. ಅವಳ ಕಪಾಟಿನಲ್ಲಿ ಮೊಹರು ಬಿದ್ದ ಹದಿನೆಂಟು ಹಾಳೆಗಳಿದ್ದವು.

ಕಡ್ಡಿ ಮಿಸ್ ಎಂಬ ಹೆಸರಿಟ್ಟದ್ದು ಮಕ್ಕಳು. ಆಳು ಕಡ್ಡಿ, ಮಾತೂ ಕಡ್ಡಿ ಮುರಿದ ಹಾಗೆ.

ಈ ವರ್ಷ ನೀಲಿ ಹಾಳೆ ಬಂದ ದಿನವೇ ಒಂದು ಎಡವಟ್ಟಾಯಿತು. ಮೂರನೇ ಸಾಲಿನ ಬೊಚ್ಚುಬಾಯಿ ಹುಡುಗಿ, ಮುಂದಿನ ನಾಲ್ಕೂ ಹಲ್ಲು ಬಿದ್ದವಳು, ಎದ್ದು ನಿಂತು ಪಾಠ ಓದುತ್ತಿದ್ದಳು. ನರಿಯೊಂದು ಬಾವಿಗೆ ಬಿದ್ದ ಕಥೆ. ಗಾಳಿ ಸೋರುವ ಬಾಯಲ್ಲಿ, ಒಂದೂ ತಪ್ಪಿಲ್ಲದೆ, ರಾಗವಾಗಿ. ಪುಟದ ಮೇಲೆ ಹೊರಗಿನ ಬಿಸಿಲು ಬಿದ್ದು ಹೊಳೆಯುತ್ತಿತ್ತೆಂದು ಕಡ್ಡಿ ಮಿಸ್ ಸುಮ್ಮನೆ ಕೈ ಅಡ್ಡ ಹಿಡಿದಳು. ಕೈ ಚಿತ್ರದ ಮೇಲೆ ಕೂತಿತು. ಅಕ್ಷರಗಳೆಲ್ಲ ಹಾಗೇ ಇದ್ದವು. ಹುಡುಗಿ ನಿಂತುಬಿಟ್ಟಳು.

“ಓದು ಪುಟ್ಟಾ.”

“ಮಿಸ್, ನರಿ ಕಾಣ್ತಿಲ್ಲ.”

“ನರಿ ಬೇಡ. ಇಲ್ಲಿ ಏನಿದೆ ಓದು.”

ಹುಡುಗಿ ಆ ಸಾಲನ್ನು ನೋಡಿದಳು, ಗೋಡೆಯ ಬಿರುಕನ್ನು ನೋಡುವ ಹಾಗೆ. ಆಮೇಲೆ ಮಿಸ್ಸಿನ ಮುಖ ನೋಡಿದಳು. ಅವಳಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಪಕ್ಕದವರು ಓದಿದ್ದನ್ನು ಕೇಳಿ ಕೇಳಿ, ಚಿತ್ರ ನೋಡಿ ಒಪ್ಪಿಸುತ್ತಿದ್ದಳು, ಅಷ್ಟೆ.

ಎರಡು ದಿನ ಕಡ್ಡಿ ಮಿಸ್ ಒಬ್ಬೊಬ್ಬರನ್ನೇ ಮೇಜಿನ ಹತ್ತಿರ ಕರೆದು ಚಿತ್ರ ಮುಚ್ಚಿ ಓದಿಸಿದಳು. ಮೂವತ್ತನಾಲ್ಕು ಮಕ್ಕಳಲ್ಲಿ ಹನ್ನೊಂದು ಮಕ್ಕಳ ಬಾಯಿ ಕಟ್ಟಿತು. ಅವರಿಗೆ ಮತ್ತೆ ಮೊದಲ ಅಕ್ಷರದಿಂದ ಹೇಳಿಕೊಡಲು ಹೊರಟಳು. ತನಗೆ ಗೊತ್ತಿದ್ದುದೆಲ್ಲ ಮಾಡಿದಳು. ಬರೆಸಿದಳು, ತಿದ್ದಿಸಿದಳು, ಹಾಡಿಸಿದಳು. ಅಕ್ಷರ ಬಿಡಿಬಿಡಿಯಾಗಿ ಬಂತು, ಸೇರಿಸಿದರೆ ಚೆಲ್ಲಿಹೋಯಿತು. ಹದಿನೆಂಟು ವರ್ಷದಿಂದ ತಾನು ಓದು ಕಲಿಸುತ್ತಿದ್ದದ್ದು ಹೇಗಿದ್ದರೂ ಓದು ಕಲಿಯುವ ಮಕ್ಕಳಿಗೆ ಮಾತ್ರ ಎಂಬುದು ಅವಳಿಗೆ ಆಗ ತಿಳಿಯಿತು. ಮೊದಲ ಸಿಟ್ಟು ತನ್ನ ಮೇಲೇ.

ಆ ಸಿಟ್ಟಿನಲ್ಲೇ ನೀಲಿ ಹಾಳೆ ತುಂಬಿದಳು.

‘ಓದು ಹತ್ತದ ಮಕ್ಕಳಿಗೆ ಓದು ಕಲಿಸಲು ನನಗೆ ಬರುವುದಿಲ್ಲ. ಕಲಿಯಬೇಕು. ನನ್ನ ತರಗತಿಯಲ್ಲಿ ಅಂಥವರು ಹನ್ನೊಂದು. ವರ್ಷದ ಕೊನೆಗೆ ಚಿತ್ರವಿಲ್ಲದ ಒಂದು ಪುಟವನ್ನು ಅವರು ಓದಿದರೆ ನಾನು ಕಲಿತೆ ಎಂದು ಅರ್ಥ. ಬೇಕಾದ ನೆರವು: ಇದು ಬಲ್ಲವರ ಪಕ್ಕದಲ್ಲಿ ಕೂತು ನೋಡಲು ವಾರಕ್ಕೆ ಎರಡು ಗಂಟೆ.’

ಮಾರನೇ ದಿನವೇ ಹೆಡ್ ಮೇಡಂ ಕರೆಸಿದರು. ಕಥೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯೊಳಗೆ ಇರುತ್ತದಲ್ಲ, ಹೆಡ್ ಮೇಡಂ ಜೀವ ಮೇಲಿನ ಕಚೇರಿಗೆ ಹೋಗುವ ಒಂದು ದಪ್ಪ ಫೈಲಿನೊಳಗಿತ್ತು. ಫೈಲಿನ ಮೇಲೆ ನೀಲಿ ಹಾಳೆ ಮಲಗಿತ್ತು.

“ಏನ್ರೀ ಇದು? ಆರೋಗ್ಯ ಸರಿಯಿದೆಯಾ ನಿಮಗೆ?”

“ಸರಿಯಿದೆ ಮೇಡಂ. ಪ್ರಶ್ನೆ ಕೇಳಿದ್ರಿ, ಉತ್ತರ ಬರೆದೆ.”

“ಇದನ್ನ ಮೇಲಿನವರು ಓದ್ತಾರೆ. ಎರಡನೇ ತರಗತಿ ಟೀಚರಿಗೆ ಓದು ಕಲಿಸೋಕೆ ಬರಲ್ವಂತೆ! ನಾಳೆ ಪೋಷಕರ ಕಿವಿಗೆ ಬಿದ್ರೆ?”

“ಮಕ್ಕಳಿಗೆ ಓದೋಕೆ ಬರಲ್ಲ ಅನ್ನೋದು ಬಿದ್ರೆ ಪರವಾಗಿಲ್ವಾ?”

ಹೆಡ್ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ದನಿ ಮೆತ್ತಗಾಯಿತು, ಅದು ಇನ್ನೂ ಕೆಟ್ಟದ್ದು. “ನೋಡಿ, ನಾನು ನಿಮ್ಮ ಶತ್ರು ಅಲ್ಲ. ಹೊಸ ಹಾಳೆ ಕೊಡ್ತೀನಿ. ‘ವರ್ಷದಲ್ಲಿ ಹನ್ನೆರಡು ಕಲಿಕಾ ಚಾರ್ಟ್ ತಯಾರಿಸುವುದು’ ಅಂತ ಬರೀರಿ. ತಿಂಗಳಿಗೊಂದು. ಅಳೆಯೋಕೂ ಸುಲಭ. ಚಾರ್ಟ್ ಅಕ್ಕನೇ ಮಾಡಿಕೊಡ್ತಾಳೆ ಬೇಕಾದ್ರೆ.”

“ಬರೆಯದಿದ್ರೆ?”

“ಬರಲ್ಲ ಅಂತ ಕೈಯಾರೆ ಬರೆದುಕೊಟ್ಟವರ ಹತ್ತಿರ ನಾನು ತರಗತಿ ಬಿಡೋಕಾಗುತ್ತಾ? ಶುಕ್ರವಾರದ ಸಭೆವರೆಗೆ ಟೈಮಿದೆ. ಇಲ್ಲಾಂದ್ರೆ ಸೋಮವಾರದಿಂದ ನಿಮ್ಮ ಮಕ್ಕಳು ಬೇರೆಯವರಿಗೆ. ನೀವು ದಾಖಲೆ ಕೋಣೆಗೆ.”

ದಾಖಲೆ ಕೋಣೆ ಮೆಟ್ಟಿಲ ಕೆಳಗಿತ್ತು. ಮುರಿದ ಬೆಂಚು, ಹಳೇ ಹಾಜರಿ ಪುಸ್ತಕ, ಇಲಿ. ಕಡ್ಡಿ ಮಿಸ್‌ಗೆ ಇಲಿಯ ಭಯವಿರಲಿಲ್ಲ. ಆ ಹನ್ನೊಂದು ಮಕ್ಕಳು ಇನ್ನೊಬ್ಬರ ಕೈಗೆ ಹೋದರೆ, ಮತ್ತೆ ಚಿತ್ರ ನೋಡಿ ಒಪ್ಪಿಸಿ, ಹಾಗೇ ಮೂರಕ್ಕೆ, ನಾಲ್ಕಕ್ಕೆ ತೇಲಿಹೋಗುತ್ತಾರೆ. ಅವರಿಗೆ ಬರುವುದಿಲ್ಲ ಎಂದು ಗೊತ್ತಿದ್ದವಳು ತಾನೊಬ್ಬಳೇ.

ಸಂಜೆ ಎಲ್ಲರೂ ಹೋದ ಮೇಲೆ ಸ್ಟಾಫ್ ರೂಮಿನ ಬೀರು ತೆಗೆದು ಹನ್ನೊಂದು ಮಕ್ಕಳ ಹೋದ ವರ್ಷದ ಪ್ರಗತಿ ಪುಸ್ತಕ ಹುಡುಕಿದಳು. ಓದು: ಸರಾಗ. ಓದು: ಸರಾಗ. ಬೊಚ್ಚುಬಾಯಿ ಹುಡುಗಿಗೆ ‘ಬಹಳ ಸರಾಗ’. ಎಲ್ಲ ಚಾರ್ಟ್ ಅಕ್ಕನ ಗುಂಡು ಗುಂಡು ಅಕ್ಷರ. ಮೈಯೆಲ್ಲ ಉರಿದುಹೋಯಿತು. ಅದೇ ಉರಿಯಲ್ಲಿ ಮೂರನೇ ತರಗತಿಯ ಕಟ್ಟನ್ನೂ ಎಳೆದಳು. ತಾನು ಹೋದ ವರ್ಷ ದಾಟಿಸಿ ಕಳಿಸಿದ ಮಕ್ಕಳು. ಅಲ್ಲಿಯೂ ಸರಾಗ, ಸರಾಗ. ಅದು ಅವಳದೇ ಅಕ್ಷರ, ಹದಿನೆಂಟು ಮೊಹರು ಪಡೆದ ಚೆಂದದ ಕೈಬರಹ. ಬೀರುವಿನ ಬಾಗಿಲನ್ನು ಅವಳು ಹಾಕಿದ ರಭಸಕ್ಕೆ ಕಾರಿಡಾರ್ ಗುಡಿಸುತ್ತಿದ್ದ ಆಯಾ ಇಣುಕಿ, “ಯಾರಮ್ಮಾ ಸತ್ತಿದ್ದು?” ಎಂದು ಕೇಳಿದಳು.

ಮನೆಯಲ್ಲಿ ಅತ್ತೆ ಇಸ್ತ್ರಿ ಮಾಡುತ್ತಿದ್ದರು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ದಿಂಬಿನ ಚೀಲಕ್ಕೂ ಮೂಲೆ ಕೂಡಿಸಿ ಮಡಿಕೆ ಹಾಕುವ ಚಟ. ಸೊಸೆ ಚಪ್ಪಲಿ ಬಿಟ್ಟ ಸದ್ದಿಗೇ ವಿಷಯ ಅರ್ಥವಾಯಿತು.

“ಯಾರ ಮೇಲೆ ಸಿಟ್ಟು?”

“ಎಲ್ಲರ ಮೇಲೆ,” ಎಂದು ಕಡ್ಡಿ ಮಿಸ್ ಕಥೆಯನ್ನೆಲ್ಲ ಒದರಿದಳು.

ಅತ್ತೆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿಟ್ಟರು. “ನಾನು ಹೊಸದಾಗಿ ಸೇರಿದಾಗ ಮಕ್ಕಳ ಕೈಯಲ್ಲಿ ನರ ಸಿಗ್ತಿರಲಿಲ್ಲ ಕಣೇ. ಚುಚ್ಚೋದು, ತಪ್ಪೋದು. ಸಿಸ್ಟರ್ ಹತ್ರ ಹೋಗಿ ಬರಲ್ಲ ಅಂದೆ. ಅವಳು ನನ್ನ ಎಳಕೊಂಡು ಹೋಗಿ ಒಬ್ಬ ಮುದುಕಿ ನರ್ಸಿನ ಪಕ್ಕ ಒಂದು ವಾರ ನಿಲ್ಲಿಸಿದ್ಲು. ಅಷ್ಟೇ.”

“ನಮ್ಮಲ್ಲಿ ಚಾರ್ಟ್ ಮಾಡು ಅಂತಾರೆ.”

“ನರದ್ದಾ?”

ಸಿಟ್ಟಿನ ನಡುವೆಯೂ ಸೊಸೆಗೆ ನಗು ಬಂತು. ಅತ್ತೆ ನಗಲಿಲ್ಲ. “ಸುಳ್ಳು ಬರೆದ್ರೆ ಮಕ್ಕಳು ನಿನಗೆ ಉಳೀತಾರೆ, ಅಲ್ವಾ? ನಿಜ ಬರೆದ್ರೆ ಹೋಗ್ತಾರೆ.”

“ಹೂಂ.”

“ಹಂಗಾದ್ರೆ ಬರೆದುಕೊಡು. ಬಾಗಿಲು ಹಾಕ್ಕೊಂಡು ನಿನಗೆ ತೋಚಿದ್ದು ಮಾಡು.”

“ಬಾಗಿಲು ಹಾಕ್ಕೊಂಡು ಏನು ಮಾಡಲಿ ಅತ್ತೆ? ಬರಲ್ಲ ಅಂತ ತಾನೇ ನಾನು ಹೇಳ್ತಿರೋದು! ಹೊರಗೆ ಹೋಗಿ ಕಲೀಬೇಕು. ಚಾರ್ಟ್ ಅಂತ ಬರೆದ್ರೆ ಯಾರು ಬಿಡ್ತಾರೆ?”

ಅತ್ತೆ ಮತ್ತೆ ಇಸ್ತ್ರಿಪೆಟ್ಟಿಗೆಗೆ ಕೈ ಹಾಕಿದರು. “ನನಗೂ ತೋಚಲ್ಲ ಬಿಡು,” ಎಂದು ದಿಂಬಿನ ಚೀಲ ಎತ್ತಿಕೊಂಡರು.

ಶುಕ್ರವಾರ ಮಧ್ಯಾಹ್ನ ಸಭೆ. ಉದ್ದ ಮೇಜಿನ ಸುತ್ತ ಹದಿಮೂರು ಟೀಚರು, ತಲೆಯ ಮೇಲೆ ಕಟಕಟ ಎನ್ನುವ ಫ್ಯಾನು. ಹೆಡ್ ಮೇಡಂ ಒಂದೊಂದೇ ಗುರಿ ಓದಿದರು. ಗಣಿತದ ಮೇಷ್ಟ್ರು ಸಮಯಪಾಲನೆ ಕಲಿಯಲಿದ್ದರು. ಅವರು ಹತ್ತು ವರ್ಷದಿಂದ ಗೇಟು ತೆರೆಯುವ ಮೊದಲೇ ಬಂದು ನಿಲ್ಲುತ್ತಿದ್ದವರು. ಚಾರ್ಟ್ ಅಕ್ಕ ಒಂದು ಹೆಜ್ಜೆ ಮುಂದೆ ಹೋಗಿದ್ದಳು: ‘ನನ್ನ ತರಗತಿಯ ಪ್ರತಿ ಮಗುವೂ ಸರಾಗವಾಗಿ ಓದುವಂತೆ ಮಾಡುವುದು. ಹಿಂದಿನ ವರ್ಷದ ಸಾಧನೆ ನೂರಕ್ಕೆ ನೂರು.’ ಎಲ್ಲರೂ ಚಪ್ಪಾಳೆ ತಟ್ಟಿದರು.

“ಎರಡನೇ ತರಗತಿ?” ಎಂದು ಹೆಡ್ ಮೇಡಂ ಖಾಲಿ ನೀಲಿ ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು. ಅದು ಕಡ್ಡಿ ಮಿಸ್ ಮುಂದೆ ಬಂದು ನಿಂತಿತು.

“ನಾನು ಬರೆದುಕೊಟ್ಟಾಗಿದೆ ಮೇಡಂ.”

“ಸರಿ ಹಾಗಾದ್ರೆ.” ಹೆಡ್ ಮೇಡಂ ಸುತ್ತ ನೋಡಿದರು. “ಎರಡನೇ ತರಗತಿ ಟೀಚರಿಗೆ ಕಲಿಸೋಕೆ ಬರಲ್ವಂತೆ. ಸೋಮವಾರದಿಂದ ಆ ತರಗತಿ ಯಾರು ತಗೋತೀರಿ?”

ಫ್ಯಾನು ಕಟಕಟ ಎಂದಿತು. ಗಣಿತದ ಮೇಷ್ಟ್ರು ಕೈಗಡಿಯಾರ ನೋಡಿಕೊಂಡರು. ಒಬ್ಬರಿಗೆ ಕೆಮ್ಮು ಬಂತು. ಸಾಧನೆಯ ಮೇಲೆ ಸಾಧನೆ ಮಾಡಿದ ಹನ್ನೆರಡು ಜನರಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

“ಚಾರ್ಟ್ ಅಕ್ಕ? ನಿಮ್ಮದು ನೂರಕ್ಕೆ ನೂರು.”

“ಅಯ್ಯೋ ಮೇಡಂ, ನನಗೆ ಒಂದನೇದೇ ಸಾಕಾಗಿದೆ. ಮಂಡಿನೋವು ಬೇರೆ.”

“ತಗೋ ಅಕ್ಕಾ,” ಎಂದಳು ಕಡ್ಡಿ ಮಿಸ್. “ಹನ್ನೊಂದು ಜನಾನೂ ನಿನ್ನ ಕೈಯಿಂದ ಬಂದವರೇ. ಹನ್ನೊಂದು ಜನಕ್ಕೂ ಸರಾಗ ಅಂತ ಬರೆದಿದ್ದೀಯ. ಬಾ, ಈಗಲೇ ಹೋಗಿ ಚಿತ್ರ ಮುಚ್ಚಿ ಓದಿಸೋಣ. ಒಬ್ಬರು ಓದಿದ್ರೂ ನಾನು ನಾಳೆಯೇ ದಾಖಲೆ ಕೋಣೆಗೆ ಹೋಗ್ತೀನಿ.”

ಚಾರ್ಟ್ ಅಕ್ಕನ ಮುಖ ಕೆಂಪೇರಿತು. “ಏನೇ ನಿಂದು? ನೀನೇನು ಸಾಚಾನಾ? ಮೂರನೇ ತರಗತಿಗೆ ನೀನು ಕಳಿಸಿದವರಲ್ಲಿ ಎಷ್ಟು ಜನಕ್ಕೆ ಬರುತ್ತೆ?”

“ಬರಲ್ಲ! ಅವರಿಗೂ ನಾನು ಸರಾಗ ಅಂತ ಬರೆದೆ. ಸುಳ್ಳು ಬರೆದೆ. ಅದನ್ನೇ ಹೇಳೋಕೆ ಹೊರಟಿದ್ದೀನಿ, ಕೇಳಿಸ್ಕೊಳ್ಳೋಕೆ ಇಲ್ಲಿ ಯಾರಿಗೂ ಪುರುಸೊತ್ತಿಲ್ಲ!”

“ನನಗೂ ಬರಲ್ಲ ಕಣೇ!” ಚಾರ್ಟ್ ಅಕ್ಕ ಮೇಜಿಗೆ ಗುದ್ದಿದಳು. “ಕೆಲವು ಮಕ್ಕಳಿಗೆ ಏನು ಮಾಡಿದ್ರೂ ಹತ್ತಲ್ಲ, ಯಾಕೆ ಅಂತ ಗೊತ್ತಿಲ್ಲ. ಅದನ್ನ ಬರೆದುಕೊಟ್ಟು ನಿನ್ನ ಹಾಗೆ ಬೈಸಿಕೊಳ್ಳೋಕೆ ನನಗೇನು ತಲೆ ಕೆಟ್ಟಿದೆಯಾ?”

ಹೇಳಿದ ಮೇಲೆ ಕೈಯನ್ನು ಬಾಯಿಗೆ ಅಡ್ಡ ಹಿಡಿದಳು. ತಡವಾಗಿತ್ತು.

“ಇದನ್ನ ನಡಾವಳಿಯಲ್ಲಿ ಬರೀಬೇಡಿ,” ಎಂದರು ಹೆಡ್ ಮೇಡಂ, ಸಭೆಯ ಮಾತು ಬರೆದುಕೊಳ್ಳುತ್ತಿದ್ದ ಟೀಚರ್ ಕಡೆ ತಿರುಗಿ.

ಕಡ್ಡಿ ಮಿಸ್ ಎದ್ದು ನಿಂತಳು. “ಮೇಡಂ, ನೀವೂ ಇಪ್ಪತ್ತು ವರ್ಷ ಪಾಠ ಮಾಡಿದವರು. ನಿಮಗೆ ಬರುತ್ತಾ? ಬರುತ್ತೆ ಅಂದ್ರೆ ಹೇಳಿಬಿಡಿ. ನಾಳೆಯಿಂದ ನಿಮ್ಮ ಪಕ್ಕದಲ್ಲೇ ಕೂತು ಕಲೀತೀನಿ. ನಿಮ್ಮ ಕಾಲಿಗೆ ಬೇಕಾದ್ರೂ ಬೀಳ್ತೀನಿ.”

ಹೆಡ್ ಮೇಡಂ ಫೈಲಿನ ದಾರವನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು, ಮತ್ತೆ ಸುತ್ತಿಕೊಂಡರು. ಕೊನೆಗೆ ಪೆನ್ನೆತ್ತಿ ಪಟ್ಟಿಯಲ್ಲಿ ಗೀಚಿದರು. “ಎರಡನೇ ತರಗತಿ: ಗುರಿ ಸಲ್ಲಿಸಿಲ್ಲ. ತರಗತಿ ಸದ್ಯಕ್ಕೆ ನಿಮ್ಮ ಹತ್ತಿರವೇ ಇರಲಿ, ತಗೊಳ್ಳೋರಿಲ್ಲವಲ್ಲ. ಆದ್ರೆ ಎರಡು ಗಂಟೆ ಗಿಂಟೆ ಏನೂ ಇಲ್ಲ. ಮುಂದಿನ ವಿಷಯ.”

ಮುಂದಿನ ವಿಷಯ ನೀರಿನ ಟ್ಯಾಂಕ್ ತೊಳೆಸುವುದು. ಅದು ಮುಗಿಯುವಷ್ಟರಲ್ಲಿ ಕಡ್ಡಿ ಮಿಸ್ ಕಪಾಟಿನಿಂದ ರಜೆ ಅರ್ಜಿಗಳ ಕಟ್ಟು ತಂದು ತುಂಬುತ್ತಿದ್ದಳು. ವರ್ಷಕ್ಕೆ ಹದಿನೈದು ದಿನ ಅವಳ ಹಕ್ಕಿನ ರಜೆ. ಅರ್ಧ ಅರ್ಧ ಮಾಡಿದರೆ ಮೂವತ್ತು ಬುಧವಾರ. ಸಭೆ ಮುಗಿದಾಗ ಮೂವತ್ತು ಅರ್ಜಿಗಳನ್ನೂ ಹೆಡ್ ಮೇಡಂ ಮುಂದೆ ಇಟ್ಟಳು. ಎಲ್ಲದರಲ್ಲೂ ಕಾರಣ ಒಂದೇ: ‘ಓದು ಕಲಿಸುವುದನ್ನು ಕಲಿಯಲು.’

“ಕಾರಣ ‘ಸ್ವಂತ ಕೆಲಸ’ ಅಂತ ಬರೀರಿ.”

“ಸ್ವಂತ ಕೆಲಸ ಅಲ್ಲ ಮೇಡಂ, ಶಾಲೆ ಕೆಲಸ. ಸ್ವಂತ ರಜೆಯಲ್ಲಿ ಮಾಡ್ತಿದ್ದೀನಿ ಅಷ್ಟೇ. ಆಗಲ್ಲ ಅಂದ್ರೆ, ಯಾಕೆ ಆಗಲ್ಲ ಅಂತ ಬರೆದು ಸಹಿ ಹಾಕಿಕೊಡಿ.”

ಹೆಡ್ ಮೇಡಂ ಅವಳನ್ನು ಒಮ್ಮೆ ದುರುಗುಟ್ಟಿ ನೋಡಿದರು. ಮೊದಲ ಅರ್ಜಿಗೆ ಸಹಿ ಹಾಕಿದರು. ಎರಡನೆಯದಕ್ಕೆ. ಕಡ್ಡಿ ಮಿಸ್ ಮೂವತ್ತೂ ಮುಗಿಯುವವರೆಗೆ ಅಲ್ಲೇ ನಿಂತಿದ್ದಳು.

ಕಾರಿಡಾರಿನಲ್ಲಿ ಚಾರ್ಟ್ ಅಕ್ಕ ಅಡ್ಡ ಬಂದಳು. ಕಣ್ಣು ಊದಿಕೊಂಡಿತ್ತು. “ಎಲ್ಲಿಗೆ ಹೋಗ್ತೀಯ ಬುಧವಾರ?”

“ಗೊತ್ತಿಲ್ಲ. ಊರಲ್ಲಿ ಯಾರೋ ಒಬ್ಬರು ಬಲ್ಲವರು ಇರ್ತಾರೆ. ಶಾಲೆ ಶಾಲೆ ಬಾಗಿಲು ತಟ್ಟುತ್ತೀನಿ.”

“ನಿನ್ನ ಪಟಾಲಂ ಯಾರು ನೋಡ್ಕೋತಾರೆ ಅವತ್ತು?”

“ನೀನು.”

“ಹತ್ತು ಜನರ ಮುಂದೆ ನನ್ನ ಮಾನ ಹರಾಜು ಹಾಕಿ ಈಗ ಮಕ್ಕಳನ್ನ ನೋಡ್ಕೋ ಅಂತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?”

“ಆಗುತ್ತೆ. ಕ್ಷಮೆ ಮಾತ್ರ ಕೇಳಲ್ಲ.”

“ನಾನೂ ಕೇಳಲ್ಲ.” ಚಾರ್ಟ್ ಅಕ್ಕ ಮೂಗು ಒರೆಸಿಕೊಂಡಳು. “ಬುಧವಾರ ನನ್ನ ಚಿಳ್ಳೆಗಳ ಜೊತೆ ಕೂರಿಸ್ಕೋತೀನಿ. ಗುರುವಾರ ಬೆಳಗ್ಗೆ ಬೆಲ್ಲಿಗೆ ಮುಂಚೆ ಬಂದು, ಏನು ಕಲಿತೆ ಅಂತ ಒಂದಕ್ಷರ ಬಿಡದೆ ನನಗೆ ಹೇಳಬೇಕು. ಹೇಳದಿದ್ರೆ ನೋಡು.”

“ಏನು ಮಾಡ್ತೀಯ?”

“ಹನ್ನೆರಡು ಚಾರ್ಟ್ ಮಾಡಿ ನಿನ್ನ ಗೋಡೆಗೆ ಅಂಟಿಸ್ತೀನಿ,” ಎಂದು ಹಲ್ಲು ಕಚ್ಚಿಕೊಂಡೇ ಹೇಳಿ, ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದಳು.