ಮೇಜಿನ ಮೇಲಿನ ನದಿ

"ಸೊಂಟ ಎಲ್ಲಿದೆ ಅಂತ ಹುಡುಕ್ತಿದ್ದೀಯಾ? ಅದು ಕಳೆದುಹೋಗಿ ಎಷ್ಟೋ ಕಾಲವಾಯ್ತು. ಅಂದಾಜಿನ ಮೇಲೆ ಹೊಲಿ," ಎಂದಳು ಅಜ್ಜಿ, ಎರಡೂ ಕೈ ಮೇಲೆತ್ತಿ ನಿಂತುಕೊಂಡು.

ಟೈಲರಮ್ಮ ನಗುತ್ತ ಅಳತೆಪಟ್ಟಿಯನ್ನು ಅಜ್ಜಿಯ ಸುತ್ತ ಬಳಸಿದಳು. ಅಂಗಡಿಯೆಂದರೆ ಕಟ್ಟಡದ ಮೆಟ್ಟಿಲ ಕೆಳಗಿನ ಒಂದು ಗೂಡು. ಹೊಲಿಗೆಯಂತ್ರ, ಇಸ್ತ್ರಿಯ ಹಲಗೆ ಮತ್ತು ಟೈಲರಮ್ಮ ಇಷ್ಟು ಸೇರಿದ ಮೇಲೆ ಒಂದು ಸೊಳ್ಳೆ ಒಳಗೆ ಬಂದರೂ ಯಾರಾದರೊಬ್ಬರು ಎದ್ದು ಹೊರಗೆ ನಿಲ್ಲಬೇಕು. ಅಂಥದ್ದರೊಳಗೆ ಅಜ್ಜಿ ಬಟ್ಟೆಯ ಗಂಟಿನ ಸಮೇತ ನುಗ್ಗಿದ್ದಳು. ಬಟ್ಟೆ ಕಡುನೀಲಿ, ಮೈತುಂಬ ಅಂಗೈಯಗಲದ ಹಳದಿ ಹೂಗಳು.

"ಪೈಜಾಮಾನಾ ಅಜ್ಜಿ? ಈ ವಯಸ್ಸಲ್ಲಿ ಯಾರ ಕಣ್ಣು ಕುಕ್ಕೋಕೆ?"

"ಮೀನಿನ ಕಣ್ಣು. ಈ ಗೌನು ಹಾಕ್ಕೊಂಡು ನದಿಗಿಳಿದ್ರೆ ಕೊಡೆ ಥರ ಉಬ್ಬಿ ಮೇಲಕ್ಕೆ ಬರುತ್ತೆ. ಆಮೇಲೆ ನಿಮ್ಮ ಬೇಕರಿಯವನು ಎದೆ ಒಡ್ಕೊಂಡು ಸತ್ರೆ ಬ್ರೆಡ್ಡು ಯಾರು ಸುಡ್ತಾರೆ? ಮಂಡಿವರೆಗೆ ಮಡಚೋಕೆ ಬರೋ ಹಾಗೆ ಹೊಲಿ. ನಾವು ಹೊರಡೋದರೊಳಗೆ ಕೊಟ್ರೆ ಸಾಕು."

ಅಳತೆಪಟ್ಟಿ ಟೈಲರಮ್ಮನ ಬೆರಳುಗಳ ನಡುವೆ ನಿಂತುಬಿಟ್ಟಿತು. ನಾವು ಅಂದರೆ? ಪ್ರವಾಸಕ್ಕೆ ತಾನೂ ಹೊರಟಿದ್ದೇನೆಂದು ಅಜ್ಜಿ ತಿಳಿದಿದ್ದಾಳೆ.

"ಯಾಕೇ, ಪಟ್ಟಿ ಸಾಕಾಗ್ಲಿಲ್ವಾ?"

"ಸಾಕಾಯ್ತು ಅಜ್ಜಿ," ಎಂದಳು ಟೈಲರಮ್ಮ. ಆಮೇಲೆ ಬಗ್ಗಿ, ಮುಖ ಕಾಣದ ಹಾಗೆ, ಕಾಲಿನ ಉದ್ದ ಅಳೆಯತೊಡಗಿದಳು.

ಕೆಳಮನೆಯ ಈ ಮುದುಕಿಯನ್ನು ಕಟ್ಟಡದವರೆಲ್ಲ ಮೇಜಿನಜ್ಜಿ ಎಂದೇ ಕರೆಯುತ್ತಿದ್ದರು. ತೀರಿಹೋದ ಗಂಡ ಬಡಗಿ. ಯಾವುದೋ ದೊಡ್ಡ ಕಚೇರಿಗೆಂದು ಮಾಡಿದ ಮೇಜನ್ನು ಕಚೇರಿಯವರು ಬೇಡವೆಂದಾಗ ಸಿಟ್ಟಿನಿಂದ ಮನೆಗೇ ತಂದಿದ್ದ. ಅದನ್ನು ಒಳಗೆ ಸೇರಿಸಲು ಕಿಟಕಿಯನ್ನು ಕಿತ್ತು, ಗೋಡೆಯನ್ನೂ ಒಂದಿಷ್ಟು ಒಡೆದಿದ್ದರು. ಅದರ ಮೇಲೆ ವಿಮಾನ ಇಳಿಸಬಹುದು, ಇಳಿದ ವಿಮಾನಕ್ಕೆ ತಿರುಗಲೂ ಜಾಗವಿದೆ ಎಂದು ಅಜ್ಜಿ ಹೇಳುತ್ತಿದ್ದಳು. ಹಾಗಾಗಿ ನದಿದಂಡೆಗೆ ಹೋಗುವ ಮಾತು ಹುಟ್ಟಿದಾಗ ಮೂರು ಮನೆಯವರು ಕೂಡಿ ಕೂರಲು ಬೇರೆ ಜಾಗ ಹುಡುಕಲೇ ಇಲ್ಲ. ಟೈಲರಮ್ಮ ಮತ್ತು ಕರೆಂಟಿನ ಮೀಟರು ನೋಡುವ ಅವಳ ಗಂಡ, ಬೇಕರಿಯವನು ಮತ್ತು ಅವನ ಹೆಂಡತಿ, ಮೇಷ್ಟರು ಮತ್ತು ಮೇಷ್ಟರ ಹೆಂಡತಿ, ಎಲ್ಲ ಭಾನುವಾರ ಸಂಜೆ ಮೇಜಿನ ಸುತ್ತ ಸೇರುತ್ತಿದ್ದರು.

ಮೇಷ್ಟರು ಸಕ್ಕರೆ ಸುರಿದು ನದಿ ಮಾಡುತ್ತಿದ್ದರು. ಚಹಾದ ಬಸಿಗಳೆಂದರೆ ದಂಡೆಯ ಮೇಲಿನ ಕೋಣೆಗಳು. ಇಬ್ಬರಿಗೊಂದು ಕೋಣೆ, ಕೋಣೆಗೊಂದು ದೋಣಿ. ಪ್ರತಿ ಬಸಿಯಲ್ಲೂ ಜೋಡಿ ಬಿಸ್ಕತ್ತು ಇಟ್ಟು ತೋರಿಸುವಾಗ ಒಮ್ಮೆ ಒಂದು ಬಿಸ್ಕತ್ತು ಉಳಿದಿತ್ತು. "ಇದು ನನ್ನ ಹೊಟ್ಟೆಯಲ್ಲಿ ಮಲಗಲಿ ಬಿಡಿ," ಎಂದು ಅಜ್ಜಿ ಬಾಯಿಗೆ ಹಾಕಿಕೊಂಡಿದ್ದಳು. ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. "ನಾವು ದೋಣಿ ಹತ್ತಿದಾಗ ಮೀಟರಿನವನನ್ನ ಮಧ್ಯೆ ಕೂರಿಸಿ, ಭಾರ ಸರಿಯಾಗುತ್ತೆ," ಎಂದಾಗಲೂ ನಕ್ಕಿದ್ದರು. ಅಜ್ಜಿಯ ಮಾತು ಅಂದಮೇಲೆ ನಗುವುದಲ್ಲದೆ ಇನ್ನೇನು? ಫೋನಿನಲ್ಲಿ "ಮೂರೇ ಜೋಡಿ, ಮೂರು ಕೋಣೆ ಸಾಕು" ಎಂದು ಗೊತ್ತುಮಾಡಿದವಳು ಟೈಲರಮ್ಮನೇ. ಆಗ ಅಜ್ಜಿ ಒಳಗೆ ಟೈಲರಮ್ಮನ ಗಂಟಲುನೋವಿಗೆಂದೇ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು.

ಸಂಜೆ ಬೇಕರಿಯ ಗಲ್ಲಾಪೆಟ್ಟಿಗೆಯ ಮುಂದೆ ಟೈಲರಮ್ಮ ವಿಷಯ ತೆಗೆದಳು.

"ಅಜ್ಜಿ ಬರ್ತಾರೆ ಅಂತ ಯಾರು ಹೇಳಿದ್ರು?" ಎಂದ ಬೇಕರಿಯವನು.

"ಬರಲ್ಲ ಅಂತ ಯಾರು ಹೇಳಿದ್ರು?"

ಬ್ರೆಡ್ಡು ಕೊಳ್ಳಲು ಬಂದ ಮೇಷ್ಟರು ಕುಂಬಳಕಾಯಿ ಕಳ್ಳ ಎಂದೊಡನೆ ಹೆಗಲು ಮುಟ್ಟಿಕೊಳ್ಳುವವರ ಹಾಗೆ, "ನಾನಂತೂ ಕರೆದೇ ಇಲ್ಲಪ್ಪ," ಎಂದರು.

"ಅದೇ ಮೇಷ್ಟ್ರೇ, ಯಾರೂ ಕರೀಲಿಲ್ಲ. ಅವರ ಮನೇಲೇ ಕೂತ್ಕೊಂಡು, ಅವರ ಚಹಾ ಕುಡ್ಕೊಂಡು."

ಟೈಲರಮ್ಮ ನದಿದಂಡೆಯ ಕೋಣೆಯವರಿಗೆ ಮತ್ತೆ ಫೋನು ಮಾಡಿದಳು. ಕೋಣೆಗಳೆಲ್ಲ ತುಂಬಿವೆ, ಒಂದು ಬೆಕ್ಕಿಗೂ ಜಾಗವಿಲ್ಲ ಎಂದರು ಆ ಕಡೆಯವರು. ಬೇಕರಿಯವನು ಗಲ್ಲಾಪೆಟ್ಟಿಗೆ ಒರೆಸುತ್ತ ಉಪಾಯ ಹೇಳಿದ.

"ಪ್ರವಾಸ ರದ್ದಾಯ್ತು ಅನ್ನೋಣ. ಸುಮ್ನೆ ಹೋಗಿ ಬಂದ್ಬಿಡೋಣ. ಅಜ್ಜಿಗೂ ಬೇಜಾರಿಲ್ಲ, ನಮಗೂ ಇಲ್ಲ."

"ಇದು ಸುಳ್ಳು ಅಂತ ಅಲ್ಲ," ಎಂದರು ಮೇಷ್ಟರು. "ಒಂಥರಾ ಸೌಜನ್ಯ."

ಟೈಲರಮ್ಮನಿಗೆ ಅದು ಸರಿಬೀಳಲಿಲ್ಲ. ಆದರೆ ಬೇಡವೆಂದೂ ಅನ್ನಲಿಲ್ಲ. ಅಂಗಡಿಗೆ ಹೋಗಿ, ಬೇರೆಯವರ ಬಟ್ಟೆಯನ್ನೆಲ್ಲ ಬದಿಗಿಟ್ಟು, ಪೈಜಾಮ ಕತ್ತರಿಸಿ ಹೊಲಿದಳು. ಅಷ್ಟು ಅಚ್ಚುಕಟ್ಟಾಗಿ ಅವಳು ಮದುವೆಯ ಬಟ್ಟೆಯನ್ನೂ ಹೊಲಿದಿರಲಿಲ್ಲ.

ಆ ಭಾನುವಾರ ಎಲ್ಲರೂ ಮೇಲಿನ ಮಹಡಿಯ ಟೈಲರಮ್ಮನ ಕೋಣೆಯಲ್ಲಿ ಸೇರಿದರು. ಮಂಚದ ಮೇಲೆ ಮೂವರು, ಪೆಟ್ಟಿಗೆಯ ಮೇಲೆ ಇಬ್ಬರು. ಮೀಟರಿನವನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಒಬ್ಬರ ಮಂಡಿ ಇನ್ನೊಬ್ಬರ ಪಕ್ಕೆಗೆ ತಾಗುತ್ತಿತ್ತು. ಬ್ಯಾಂಕು ದೋಚಲು ಹೊರಟವರ ಹಾಗೆ ಪಿಸುಗುಟ್ಟುತ್ತಿದ್ದರು. ಮೇಷ್ಟರ ಹೆಂಡತಿ ದೋಣಿಯಲ್ಲಿ ಕೂರಲೆಂದು ಕೊಂಡ ಹುಲ್ಲಿನ ಟೋಪಿಯನ್ನು ಹಾಕಿಕೊಂಡು ತೋರಿಸುತ್ತಿದ್ದಳು. ಮೀಟರಿನವನ ಬೆನ್ನಿಗೆ ಬಾಗಿಲು ಮೆಲ್ಲಗೆ ತಿವಿಯಿತು.

ಅಜ್ಜಿ ನಿಂತಿದ್ದಳು. ಒಂದು ಕೈಯಲ್ಲಿ ಚಹಾದ ಕೆಟಲು, ಇನ್ನೊಂದರಲ್ಲಿ ಲೋಟಗಳ ತಟ್ಟೆ. ಮಂಡಿನೋವಿನಿಂದ ಅಂಗಡಿಯ ಹೊಸ್ತಿಲು ದಾಟಲೂ ಗೋಡೆ ಹಿಡಿಯುವವಳು ಇಷ್ಟೂ ಮೆಟ್ಟಿಲು ಹತ್ತಿ ಬಂದಿದ್ದಳು. ಏದುಸಿರು ತಗ್ಗುವತನಕ ನಿಂತು, ಒಬ್ಬೊಬ್ಬರನ್ನೇ ನೋಡಿದಳು.

"ಮೇಜು ಏನಾದ್ರೂ ತಪ್ಪು ಮಾಡ್ತಾ?"

ಬೇಕರಿಯವನು ಎದ್ದ. ಏಳಲು ಜಾಗವಿರದೆ ಅರ್ಧಕ್ಕೇ ನಿಂತ. "ನದಿ ಕಡೆ ಹೋಗೋದು ರದ್ದಾಯ್ತು ಅಜ್ಜಿ. ಅದಕ್ಕೇ... ಇನ್ನು ಕೂರೋದೇನಿದೆ ಅಂತ..."

ಅಜ್ಜಿಯ ಕಣ್ಣು ಮೇಷ್ಟರ ಹೆಂಡತಿಯ ತಲೆಯ ಮೇಲೆ ನಿಂತಿತು. ಆಕೆ ಟೋಪಿ ತೆಗೆಯಲು ಕೈಯೆತ್ತಿದವಳು, ಈಗ ತೆಗೆದರೆ ಇನ್ನೂ ಕೆಟ್ಟದಾಗುತ್ತದೆಂದು ಹಾಗೇ ಇಳಿಸಿದಳು.

"ಹೂಂ," ಎಂದಳು ಅಜ್ಜಿ. "ಮನೆಯೊಳಗೂ ಈ ವರ್ಷ ಬಿಸಿಲು ಜೋರು."

ತಟ್ಟೆಯನ್ನು ಪೆಟ್ಟಿಗೆಯ ಮೂಲೆಯಲ್ಲಿಟ್ಟು ಎಲ್ಲರಿಗೂ ಬಗ್ಗಿಸಿ ಕೊಟ್ಟಳು. ಮೀಟರಿನವನಿಗೆ ಸಕ್ಕರೆ ಕಡಿಮೆ, ಟೈಲರಮ್ಮನಿಗೆ ಶುಂಠಿ ಎಂದು ನೆನಪಿಟ್ಟು ಬೇರೆ ಲೋಟದಲ್ಲಿ ತಂದಿದ್ದಳು. "ರದ್ದಾಗಿದ್ದೇ ಒಳ್ಳೇದಾಯ್ತು. ನನಗೆ ಮೊದಲಿಂದ ನೀರು ಅಂದ್ರೆ ಆಗಲ್ಲ. ಬಚ್ಚಲಿಗೆ ಹೋಗೋಕೂ ಧೈರ್ಯ ತಂದ್ಕೋಬೇಕು," ಎಂದು ಹೇಳಿ ಮೆಟ್ಟಿಲಿಳಿದಳು. ಒಂದೊಂದೇ ಮೆಟ್ಟಿಲಿನ ಸದ್ದು ಕೆಳಗೆ ಮುಟ್ಟುವವರೆಗೂ ಕೋಣೆಯಲ್ಲಿ ಯಾರೂ ಲೋಟ ಬಾಯಿಗಿಡಲಿಲ್ಲ.

ಮರುದಿನ ಬೆಳಿಗ್ಗೆ ಟೈಲರಮ್ಮ ಪೈಜಾಮಕ್ಕೆ ಇಸ್ತ್ರಿ ಹಾಕಿ, ಸೂಜಿಡಬ್ಬಿ ಹಿಡಿದು ಅಜ್ಜಿಯ ಬಾಗಿಲು ತಟ್ಟಿದಳು. ರಾತ್ರಿಯೆಲ್ಲ ಜೋಡಿಸಿಟ್ಟ ಮಾತು ಬಾಗಿಲು ತೆರೆದಕೂಡಲೇ ಕೈಕೊಟ್ಟಿತು.

"ರದ್ದಾಗಿಲ್ಲ ಅಜ್ಜಿ. ನಾವು ಹೋಗ್ತಿದ್ದೀವಿ. ನಿಮ್ಮನ್ನ ಬೇಡ ಅಂದಿದ್ದಲ್ಲ. ನಿಮ್ಮ ನೆನಪೇ ಆಗ್ಲಿಲ್ಲ."

ಹೇಳಿಯಾದ ಮೇಲೆ, ಬೇಡ ಅಂದಿದ್ದರೇ ವಾಸಿಯಿತ್ತು ಎನಿಸಿತು.

"ಟೋಪಿ ನೋಡಿದಾಗಲೇ ಗೊತ್ತಾಯ್ತು ಬಿಡು," ಎಂದಳು ಅಜ್ಜಿ. "ಅವಳಿಗೆ ಒಂಚೂರೂ ಒಪ್ಪಲ್ಲ ಅದು. ಅಣಬೆ ಥರ ಕಾಣ್ತಾಳೆ. ನಾನು ಹೇಳ್ದೆ ಅನ್ನಬೇಡ."

"ನೀವೂ ಬನ್ನಿ. ನಮ್ಮ ಕೋಣೇಲೇ ಇರಿ. ನಾನು ನೆಲದ ಮೇಲೆ ಮಲಗ್ತೀನಿ."

"ಗಂಡ ಹೆಂಡತಿ ಮಧ್ಯೆ ನಾನೇನು ದಿಂಬಾ? ನನ್ನ ಗೊರಕೆ ಕೇಳಿದ್ರೆ ಆ ನದಿ ಹೆದರಿ ಹಿಂದಕ್ಕೆ ಹರಿಯುತ್ತೆ. ಊರುಗಳು ಮುಳುಗಿದ್ರೆ ನೀನು ಹೊಣೆಯಾ? ತಾ ಇಲ್ಲಿ, ಹಾಕ್ಕೊಂಡು ನೋಡ್ತೀನಿ."

ಒಳಗೆ ಹೋಗಿ ಪೈಜಾಮ ತೊಟ್ಟು ಬಂದಳು. ಸೊಂಟಕ್ಕೆ ಸರಿಯಾಗಿ ಕೂತಿತ್ತು. ಅಜ್ಜಿ ಮೇಜಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತಳು.

"ನದಿಗಾದ್ರೆ ಈ ಉದ್ದ ಸರಿಯಿತ್ತು, ಮಡಚ್ಕೋಬಹುದಿತ್ತು. ಮನೆಯೊಳಗೆ ಎಡವಿ ಬೀಳ್ತೀನಿ. ಸ್ವಲ್ಪ ಮೇಲಕ್ಕೆ ಹೊಲಿದುಬಿಡು."

ಟೈಲರಮ್ಮ ನೆಲದ ಮೇಲೆ ಮಂಡಿಯೂರಿ, ಗುಂಡುಸೂಜಿಗಳನ್ನು ತುಟಿಗಳ ನಡುವೆ ಹಿಡಿದು, ಅಂಚನ್ನು ಮಡಚತೊಡಗಿದಳು. ಮೇಲಿನಿಂದ ಅಜ್ಜಿಯ ದನಿ ಬರುತ್ತಿತ್ತು.

"ನೀರು ತಿಳಿಯಾಗಿರುತ್ತಂತಾ ಅಲ್ಲಿ? ನಿಂತ್ರೆ ಕಾಲು ಕಾಣುತ್ತಂತಾ?"

ಬಾಯಿತುಂಬ ಸೂಜಿಯಿದ್ದ ಟೈಲರಮ್ಮ ತಲೆಯಾಡಿಸಿದಳು. ಪೈಜಾಮದ ಅಂಚು ಮೇಲೇರಿದಾಗ ಅಜ್ಜಿಯ ಪಾದಗಳು ಕಂಡವು. ಪಾದದಲ್ಲಿ ಹೊಸ ರಬ್ಬರಿನ ಚಪ್ಪಲಿ, ಒದ್ದೆ ಕಲ್ಲಿನ ಮೇಲೆ ಜಾರದಂತೆ ತಳದ ಅಂಚಿನವರೆಗೂ ಆಳವಾದ ಗೀರುಗಳಿದ್ದವು. ಮನೆಯೊಳಗೇ ಹಾಕಿ ಪಳಗಿಸುತ್ತಿದ್ದಳೆಂದು ಕಾಣುತ್ತದೆ, ಹಿಂದಿನ ಪಟ್ಟಿ ಉಜ್ಜಿ ಹಿಮ್ಮಡಿಯ ಮೇಲೆ ಬೊಕ್ಕೆ ಒಡೆದಿತ್ತು.

ಟೈಲರಮ್ಮನ ಕೈ ನಿಂತಿತು. ಎರಡೂ ಪಾದಗಳು ಮೆಲ್ಲಗೆ ಹಿಂದಕ್ಕೆ ಸರಿದು, ಮೇಜಿನಡಿಯ ನೆರಳಿನೊಳಗೆ ಹೋದವು.