ಹಟ್ಟಿ ಅಂದರೆ ಯಾವುದು

ಚನ್ನಗಿರಿಯ ಬಿ.ಎಡ್. ಕಾಲೇಜಿನಿಂದ ಚೈತ್ರಶ್ರೀ ಪಾಠದ ತರಬೇತಿಗೆಂದು ಸಂತೇಬೆನ್ನೂರಿನ ಹೈಸ್ಕೂಲಿಗೆ ಬಂದಾಗ ಅವಳಿಗೆ ಮಕ್ಕಳ ಹೆದರಿಕೆ ಇರಲಿಲ್ಲ, ಕನ್ನಡದ ಹೆದರಿಕೆಯಂತೂ ಇರಲೇ ಇಲ್ಲ. ಇದ್ದದ್ದೆಲ್ಲ ಹೆಗಲಿಗೆ ತೂಗುಹಾಕಿಕೊಂಡಿದ್ದ ಲ್ಯಾಪ್‌ಟಾಪಿನದು. ಭಾಷೆ ಕಲಿಸುವವರೂ ಇನ್ನು ಮೇಲೆ ಡಿಜಿಟಲ್ ಸಾಧನಗಳನ್ನು, ಅದರಲ್ಲೂ ಎಐ ಎಂಬುದನ್ನು, ತರಗತಿಯಲ್ಲಿ ಬಳಸಿ ತೋರಿಸಬೇಕು ಎಂದು ಅವಳ ಕಾಲೇಜಿನಲ್ಲಿ ತೀರ್ಮಾನವಾಗಿತ್ತು. ತರಬೇತಿಯ ಕೊನೆಯ ಪಾಠವನ್ನು ಕಾಲೇಜಿನ ದೊಡ್ಡಣ್ಣ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ನೋಡಿ ಅಂಕ ಹಾಕುವವರಿದ್ದರು.

ಶಾಲೆಯಲ್ಲಿ ಅವಳಿಗೆ ದಾರಿ ತೋರಿಸಬೇಕಾದವರು ಕನ್ನಡದ ಟೀಚರು ಅನ್ನಪೂರ್ಣಮ್ಮ. ನ್ಯಾಮತಿ ಕಡೆಯವರು, ನಿವೃತ್ತಿಗೆ ಹತ್ತಿರ ಬಂದವರು. ಮೊದಲ ದಿನವೇ ಅವರು ಚೈತ್ರಶ್ರೀಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತು, "ನಂಗೂ ಸ್ವಲ್ಪ ಕಲಿಸವ್ವ ಇದನ್ನ. ನೀ ಹೋದ ಮೇಲೆ ಹುಡುಗ್ರು ನನ್ನ ಬಿಡಾಕಿಲ್ಲ," ಎಂದರು. ಕಲಿಸಬೇಕಾದವರೇ ಹಾಗೆ ಕಲಿಯಲು ಕೂತಾಗ ಹುಡುಗಿಯ ಅರ್ಧ ಅಂಜಿಕೆ ಇಳಿಯಿತು. ಅದಕ್ಕೇ ಅವರು ಹಾಗೆ ಕೇಳಿದ್ದು ಎಂದು ಅವಳಿಗೆ ಹೊಳೆದದ್ದು ಎಷ್ಟೋ ದಿನ ಕಳೆದ ಮೇಲೆ.

"ಇದನ್ನ ಹೆಂಗೆ ಮಾತಾಡಿಸಬೇಕು? ಕೊಡು ಅನ್ನಬೇಕೋ, ಕೊಡ್ರಿ ಅನ್ನಬೇಕೋ?"

"ಹೆಂಗಂದ್ರೂ ನಡೀತೈತೆ ಮೇಡಂ. ಅದು ಮನುಷ್ಯ ಅಲ್ಲ."

"ಇರಲಿ ಬಿಡು. ಕೆಲಸ ಹೇಳೋವಾಗ ಮರ್ಯಾದೆ ಕೊಟ್ರೆ ನಮ್ಮ ಗಂಟೇನು ಹೋಗ್ತೈತೆ?" ಎಂದು ಅನ್ನಪೂರ್ಣಮ್ಮ ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. 'ದಯವಿಟ್ಟು ಎಂಟನೇ ತರಗತಿಯ ಮಕ್ಕಳಿಗೆ ವಿಭಕ್ತಿ ಪ್ರತ್ಯಯದ ಪ್ರಶ್ನೆಗಳನ್ನು ತಯಾರಿಸಿ ಕೊಡಿರಿ.' ಪ್ರಶ್ನೆಗಳು ದಬದಬ ಬಂದು ಬಿದ್ದವು. ಅವರು ಕನ್ನಡಕ ಏರಿಸಿ ಓದಿದರು. "ಚತುರ್ಥಿಗೂ ಷಷ್ಠಿಗೂ ಗೊಂದಲ ಮಾಡ್ಕಂಡಾರೆ, ಪಾಪ. ಹೊಸಬರು," ಎಂದರು. ಚೈತ್ರಶ್ರೀಗೆ ನಗು ತಡೆಯಲಾಗಲಿಲ್ಲ.

ಹೀಗೆ ನಗುತ್ತ ನಗುತ್ತಲೇ ಅವಳ ಕೈ ಪಳಗಿತು. ಶಾಲೆಯ ದೊಡ್ಡ ಟಿವಿಗೆ ಲ್ಯಾಪ್‌ಟಾಪ್ ಜೋಡಿಸುವುದು, ಮಕ್ಕಳ ಉಚ್ಚಾರಣೆಯನ್ನು ದಾಖಲಿಸಿ ಅವರಿಗೇ ಕೇಳಿಸುವುದು, ಎಐ ಕೊಟ್ಟದ್ದನ್ನು ತಿದ್ದದೆ ತರಗತಿಗೆ ಒಯ್ಯದಿರುವುದು, ಎಲ್ಲವೂ ರೂಢಿಯಾದವು. ಮಾತಿನಲ್ಲಿ ಹೇಳಿದ್ದನ್ನು ಚಿತ್ರವಾಗಿ ಬರೆದುಕೊಡುವ ಒಂದು ಸಾಧನ ಅವಳಿಗೆ ತುಂಬ ಹಿಡಿಸಿತ್ತು. 'ನಮ್ಮೂರು' ಎಂಬ ಪ್ರಬಂಧ ಬರೆಸುವ ದಿನ ಅದನ್ನೇ ತೆರೆದಳು. ಒಬ್ಬೊಬ್ಬರೂ ತಮ್ಮ ಊರಿನ ಬಗ್ಗೆ ಒಂದೆರಡು ಮಾತು ಹೇಳಬೇಕು, ಅವಳು ಟೈಪ್ ಮಾಡುತ್ತಾಳೆ, ಊರು ಟಿವಿಯ ಮೇಲೆ ಮೂಡುತ್ತದೆ.

ಭೀಮೇಶ್ ಎಂಬ ಬಾಯಿಬಡುಕ ಹುಡುಗ ಮೊದಲು ಎದ್ದ. "ನಮ್ಮೂರಾಗೆ ದೊಡ್ಡ ಹೊಂಡ ಐತೆ ಮಿಸ್. ಸುತ್ತ ಕಲ್ಲಿನ ಮೆಟ್ಲು. ನಡುವೆ ಮಂಟಪ." ಹೊಂಡ ಬಂತು, ಮೆಟ್ಟಿಲು ಬಂತು, ಮಂಟಪವೂ ಬಂತು. ಜೊತೆಗೆ ಯಾರೂ ಕೇಳದ ಒಂದು ದೋಣಿ ಬಂತು.

"ಯಪ್ಪಾ, ಹೊಂಡದಾಗೆ ದೋಣಿ! ಯಾರ್ದಲೇ ಅದು?"

"ನಮ್ಮ ಮಾವಂದು!"

ತರಗತಿ ಗೊಳ್ಳೆಂದಿತು. ಆ ಗದ್ದಲದ ನಡುವೆ ಕಿಟಕಿಯ ಪಕ್ಕದಲ್ಲಿ ಒಂದು ಕೈ ಮೇಲೆದ್ದದ್ದು ಕಂಡು ಚೈತ್ರಶ್ರೀಗೆ ಸಂತೋಷವಾಯಿತು. ದುರ್ಗಾಂಬಿಕಾಳ ಕೈ ಅದು. ಹಾಸ್ಟೆಲಿನಲ್ಲಿದ್ದು ಓದುವ, ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ತಾನಾಗಿ ಕೈ ಎತ್ತಿದ್ದು ಅದೇ ಮೊದಲು.

"ನಮ್ದು ಹಟ್ಟಿ ಮಿಸ್. ಜಗಳೂರು ಕಡೆ ಐತೆ. ನಮ್ಮ ಹಟ್ಟಿ ತುಂಬ ಚೆಂದ ಐತೆ. ಅಲ್ಲೇ ನಾವೆಲ್ಲ ಇರ್ತೀವಿ."

ಹಾಗೆಯೇ ಟೈಪ್ ಮಾಡಿದಳು. ಟಿವಿಯ ಮೇಲೆ ಮೂಡಿದ್ದು ದನದ ಕೊಟ್ಟಿಗೆ. ಒಳಗೆ ಕತ್ತಲು, ನೆಲದ ಮೇಲೆ ಹುಲ್ಲು, ಒಂದು ದಪ್ಪನೆಯ ಹಸು. ಹಸುವಿನ ಪಕ್ಕದಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಪುಸ್ತಕ ಹಿಡಿದು ನಗುತ್ತ ಕೂತಿದ್ದಳು.

ಭೀಮೇಶ್ ಕೇಳಿದ: "ಲೇ ದುರ್ಗಿ, ನಿನ್ನ ಪಕ್ಕದಾಗೆ ನಿಂತಿರೋದು ನಿಮ್ಮಕ್ಕನೇನೆ?"

ನಗು ಗೋಡೆಯಿಂದ ಗೋಡೆಗೆ ಬಡಿಯಿತು. ಯಂತ್ರದ ತಪ್ಪೇನೂ ಅಂಥ ದೊಡ್ಡದಲ್ಲ. ಎಷ್ಟೋ ಕಡೆ ಹಟ್ಟಿ ಎಂದರೆ ದನ ಕಟ್ಟುವ ಜಾಗವೇ. ಜಗಳೂರಿನ ಬಯಲಿನಲ್ಲಿ ಮಾತ್ರ ಅದು ಊರು, ನಂಟರೆಲ್ಲ ಒಟ್ಟಾಗಿ ಮನೆ ಕಟ್ಟಿಕೊಂಡು ಬಾಳುವ ಪುಟ್ಟ ಊರು. ಇದು ಆ ಕೋಣೆಯಲ್ಲಿ ದುರ್ಗಾಂಬಿಕಾಳನ್ನು ಬಿಟ್ಟರೆ ಇನ್ನೊಬ್ಬಳಿಗೆ ಚೆನ್ನಾಗಿ ಗೊತ್ತಿತ್ತು. ಚೈತ್ರಶ್ರೀ ಹುಟ್ಟಿ ಬೆಳೆದದ್ದೂ ಅದೇ ಜಗಳೂರು ಕಡೆಯ, ಬಿಳಿಚೋಡಿನಾಚೆಯ ಒಂದು ಹಟ್ಟಿಯಲ್ಲಿ. ಕಾಲೇಜಿನಲ್ಲಾಗಲಿ ಈ ಶಾಲೆಯಲ್ಲಾಗಲಿ ಯಾರಾದರೂ ಊರು ಕೇಳಿದರೆ ಅವಳು ಬಿಳಿಚೋಡು ಎನ್ನುತ್ತಿದ್ದಳು. ಬಸ್ಸು ನಿಲ್ಲುವುದು ಅಲ್ಲೇ, ಆದ್ದರಿಂದ ಅದು ಸುಳ್ಳಾಗಿರಲಿಲ್ಲ.

ಹಟ್ಟಿ ಅಂದರೆ ಊರು ಕಣ್ರೋ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಗಾಬರಿಯಲ್ಲಿ ಅವಳ ಬಾಯಿಂದ ಬಂದದ್ದು ಬೇರೆ ಮಾತು. "ಹಟ್ಟಿ ಅನ್ನೋದು ಬೇಡಮ್ಮ. ಪ್ರಬಂಧ ಅಲ್ವಾ, ಗ್ರಾಮ ಅಂತ ಹಾಕೋಣ."

'ಸುಂದರವಾದ ಗ್ರಾಮ' ಎಂದು ಒತ್ತಿದಳು. ಹಸಿರು ಗುಡ್ಡ, ಹೆಂಚಿನ ಮನೆಗಳು, ತಾವರೆ ತುಂಬಿದ ಕೆರೆ ತೆರೆಯ ಮೇಲೆ ಬಂದವು. ಮಕ್ಕಳು ಚಪ್ಪಾಳೆ ತಟ್ಟಿದರು. ದುರ್ಗಾಂಬಿಕಾ ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ, ಲಂಗ ಸರಿಮಾಡಿಕೊಂಡು ಕೂತಳು.

ಮಾರನೆಯ ದಿನ ಪ್ರಬಂಧಗಳನ್ನು ಎದ್ದು ಓದಿಸಿದಾಗ ಅವಳ ಸರದಿ ಬಂತು. ದನಿಯಲ್ಲಿ ಏರಿಳಿತವಿಲ್ಲದೆ ಓದಿದಳು. "ನಮ್ಮ ಗ್ರಾಮವು ಬಹಳ ಸುಂದರವಾಗಿದೆ. ಸುತ್ತಲೂ ಹಸಿರು ಗುಡ್ಡಗಳಿವೆ. ಕೆರೆಯಲ್ಲಿ ತಾವರೆಗಳು ಅರಳಿವೆ." ತಪ್ಪೊಂದೂ ಇರಲಿಲ್ಲ. ಆ ಬಯಲಿನಲ್ಲಿ ತಾವರೆ ಎಲ್ಲಿಯದು! ಮಗು ತನ್ನ ಊರನ್ನು ಬಿಟ್ಟು ಟಿವಿಯಲ್ಲಿ ಬಂದ ಊರನ್ನು ಬರೆದಿತ್ತು. ಹಾಗೆ ಬಿಡುವಂತೆ ಮಾಡಿದ್ದು ತಾನೇ ಎಂದು ಚೈತ್ರಶ್ರೀಗೆ ಹೊಳೆಯಿತು.

ಅಂದಿನಿಂದ ದುರ್ಗಾಂಬಿಕಾ ಏನು ಕೇಳಿದರೂ "ಗೊತ್ತಿಲ್ಲ ಮಿಸ್" ಎನ್ನತೊಡಗಿದಳು. ಪದ್ಯದ ಅರ್ಥ ಕೇಳಿದರೂ ಅದೇ, ಸಂಧಿ ಕೇಳಿದರೂ ಅದೇ. ಒಂದು ಸಂಜೆ ಗೇಟಿನ ಬಳಿ ಅವಳೊಬ್ಬಳೇ ಸಿಕ್ಕಾಗ ಚೈತ್ರಶ್ರೀ, "ಅವತ್ತಿಂದು ಬೇಜಾರಾಯ್ತೇನಮ್ಮ?" ಎಂದಳು.

"ಇಲ್ಲ ಮಿಸ್."

"ಮತ್ತೆ ಮಾತೇ ಆಡಲ್ವಲ್ಲ?"

"ನಂಗೆ ಸರಿಯಾಗಿ ಹೇಳಾಕೆ ಬರಲ್ಲ ಮಿಸ್," ಎಂದು ಹುಡುಗಿ ಹಾಸ್ಟೆಲಿನ ದಾರಿ ಹಿಡಿದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ, ತನಗೆ ನಿಜವಾಗಿಯೂ ಬರುವುದಿಲ್ಲ ಎಂಬ ನಂಬಿಕೆ ಇತ್ತು. ಅದೇ ಚೈತ್ರಶ್ರೀಯನ್ನು ಹೆಚ್ಚು ಚುಚ್ಚಿತು.

ಕೊನೆಯ ಪಾಠ ಹತ್ತಿರ ಬಂತು. ಅವಳು ಬಹಳ ಚೊಕ್ಕವಾಗಿ ಸಿದ್ಧಮಾಡಿಕೊಂಡಿದ್ದಳು: ಬಣ್ಣದ ಸ್ಲೈಡುಗಳು, ಒತ್ತಿದರೆ ಗಂಟೆ ಬಾರಿಸುವ ರಸಪ್ರಶ್ನೆ, ನಡುವೆ ಒಂದು ಪುಟ್ಟ ವಿಡಿಯೊ. ಎಲ್ಲೂ ಯಾರೂ ನಗುವ ಪ್ರಸಂಗವಿರಲಿಲ್ಲ. ಅನ್ನಪೂರ್ಣಮ್ಮ ಎಲ್ಲವನ್ನೂ ನೋಡಿ, "ಚೊಲೋ ಐತೆ," ಎಂದರು. ಆಗಲೇ ಅವಳ ಅವ್ವ ದುರುಗಕ್ಕನ ಫೋನು ಬಂತು. ಜಗಲಿಗೆ ಹೋಗಿ ಕಂಬದ ಮರೆಯಲ್ಲಿ ಮಾತಾಡಿದಳು.

"ಹಟ್ಟಿಗೆ ಯಾವಾಗ ಬರ್ತೀಯೇ? ನಿಮ್ಮಪ್ಪ ದಿನಾ ಕೇಳ್ತಾನೆ. ಕರಿ ಕುರಿ ಎರಡು ಮರಿ ಹಾಕೈತೆ, ಒಂದಕ್ಕೆ ಹಣೆ ಮ್ಯಾಲೆ ಬಿಳೇ ಚುಕ್ಕಿ."

"ಬರ್ತೀನಿ ಕಣವ್ವ, ಪಾಠ ಮುಗಿಲಿ. ಆ ಚುಕ್ಕಿ ಮರೀನ ನಂಗೇ ಬಿಡು, ಯಾರಿಗೂ ಕೊಡಬ್ಯಾಡ. ಕುರಿ ರೊಪ್ಪದ ಬೇಲಿ ಕಟ್ಟಿಸಿದ್ರಾ? ತೋಳ ಗೀಳ ಬಂದಾತು."

ಎರಡು ನಿಮಿಷದಲ್ಲಿ ಹಟ್ಟಿಯ ಸುದ್ದಿಯೆಲ್ಲ ಮುಗಿಯಿತು. ತಿರುಗಿದರೆ ಅನ್ನಪೂರ್ಣಮ್ಮ ಅವಳ ಚಹಾ ಆರದಿರಲೆಂದು ಲೋಟದ ಮೇಲೆ ತಟ್ಟೆ ಮುಚ್ಚಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಎಲ್ಲ ಕೇಳಿಸಿರಲೇಬೇಕು. ನಿನ್ನ ಊರು ಬಿಳಿಚೋಡಲ್ಲವೇ ಎಂದು ಅವರು ಕೇಳಲಿಲ್ಲ. ಲೋಟ ಕೈಗಿಟ್ಟು, "ಅವ್ವನ ಜೊತೆ ಎಷ್ಟು ಸಲೀಸಾಗಿ ಮಾತಾಡ್ತೀಯವ್ವ! ಆ ಮರಿ ನಂಗೆ ಕಣ್ಣಿಗೆ ಕಟ್ಟಿದಂಗಾತು ನೋಡು," ಎಂದಷ್ಟೇ ಹೇಳಿ ಒಳಗೆ ಹೋದರು.

ಆ ರಾತ್ರಿ ಅವಳೇನೂ ನಿದ್ದೆಗೆಟ್ಟು ಯೋಚಿಸಲಿಲ್ಲ. ಮರುದಿನ ಕೊನೆಯ ಪಾಠಕ್ಕೆಂದು ಚನ್ನಗಿರಿಯಿಂದ ಬಸ್ಸಿನಲ್ಲಿ ಬರುವಾಗ, ಪಕ್ಕದಲ್ಲಿ ಕೂತ ಹೆಂಗಸೊಬ್ಬಳು ಬುತ್ತಿಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು ಅವಳ ಲ್ಯಾಪ್‌ಟಾಪಿಗೆ ಜಾಗ ಮಾಡಿಕೊಟ್ಟು, "ಯಾವೂರವ್ವ ನಿಂದು?" ಎಂದು ಕೇಳಿದಳು. ಬಿಳಿಚೋಡು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. "ಹಟ್ಟಿ," ಎಂದಳು ಚೈತ್ರಶ್ರೀ. "ಬಿಳಿಚೋಡು ಹತ್ರದ ಹಟ್ಟಿ." ಹೆಂಗಸು, "ಹೌದಾ," ಎಂದು ಕಿಟಕಿಯಾಚೆ ನೋಡಿದಳು. ಅಷ್ಟೇ. ಪ್ರಪಂಚವೇನೂ ಮುಳುಗಲಿಲ್ಲ.

ದೊಡ್ಡಣ್ಣ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತು ಪೆನ್ನು ತೆಗೆದರು. ಅನ್ನಪೂರ್ಣಮ್ಮ ಬಾಗಿಲ ಬಳಿ ಕೂತರು. ಚೈತ್ರಶ್ರೀ ಮೊದಲ ಸ್ಲೈಡು ತೋರಿಸಿದಳು: 'ವರ್ಣನೆ ಎಂದರೇನು?' ಆಮೇಲೆ ಸ್ಲೈಡುಗಳನ್ನು ಮುಚ್ಚಿ, ಚಿತ್ರ ಬರೆಯುವ ಸಾಧನವನ್ನು ತೆರೆದಳು.

"ಅವತ್ತು ನಿಮ್ಮೆಲ್ಲರ ಊರು ನೋಡಿದ್ವಿ. ನಂದು ನೀವು ನೋಡಿಲ್ಲ. ನಂದೂ ಹಟ್ಟಿ."

ಕಿಟಕಿಯ ಪಕ್ಕದ ತಲೆ ಮೇಲೆದ್ದಿತು.

'ನಾನು ಹಟ್ಟಿಯಲ್ಲಿ ಹುಟ್ಟಿ ಬೆಳೆದೆ' ಎಂದು ಟೈಪ್ ಮಾಡಿದಳು. ಮತ್ತೆ ಕೊಟ್ಟಿಗೆಯೇ ಬಂತು. ಈ ಸಲ ಹುಲ್ಲಿನ ಮೇಲೆ ಸೀರೆಯುಟ್ಟ ಟೀಚರು ಕೂತಿದ್ದರು, ಹಸು ಅವರ ಭುಜ ಮೂಸುತ್ತಿತ್ತು. ಮಕ್ಕಳು ನಗಲೋ ಬೇಡವೋ ಎಂದು ಹಿಂದಿನ ಬೆಂಚಿನ ಕಡೆ ನೋಡಿದರು. ಮೊದಲು ನಕ್ಕವಳು ಚೈತ್ರಶ್ರೀಯೇ.

"ನೋಡ್ರಿ, ಇದಕ್ಕೆ ಹಟ್ಟಿ ಅಂದ್ರೆ ಕೊಟ್ಟಿಗೆ ಅಂತ ಗೊತ್ತು. ನಮ್ಮ ಕಡೆ ಹಟ್ಟಿ ಅಂದ್ರೆ ಊರು. ಅವತ್ತು ನಾನೇ ಅದನ್ನ ಹೇಳಬೇಕಿತ್ತು, ಹೇಳಲಿಲ್ಲ. ಗ್ರಾಮ ಅಂತ ತಿದ್ದಿಬಿಟ್ಟೆ. ತಪ್ಪು ನಂದು." ಅವಳು ದುರ್ಗಾಂಬಿಕಾಳ ಕಡೆ ನೋಡಲಿಲ್ಲ. ನೋಡಿದರೆ ಎಲ್ಲರೂ ಅತ್ತ ತಿರುಗುತ್ತಾರೆಂದು ಅವಳಿಗೆ ಗೊತ್ತಿತ್ತು. "ಈಗ ಇದಕ್ಕೆ ಅರ್ಥ ಆಗೋ ಹಂಗೆ ವರ್ಣನೆ ಮಾಡ್ಬೇಕು. ಹೆಂಗೆ ಮಾಡೋಣ?"

"ಮನೆ ಅಂತ ಹಾಕ್ರಿ ಮಿಸ್," ಎಂದ ಭೀಮೇಶ್. "ಜನ ಅಂತನೂ ಹಾಕ್ರಿ. ಹಸ ತೆಗೀರಿ, ಪಾಪ."

ಹಸು ಹೋಯಿತು. ಮನೆಗಳು ಬಂದವು, ಸಾಲಾಗಿ, ಹೆಂಚು ಹೊದ್ದು. ಚೈತ್ರಶ್ರೀ ಒಂದೊಂದೇ ಮಾತು ಸೇರಿಸಿದಳು. ಗುಡ್ಡ ಬೇಡ, ಬಯಲು. ಹುಣಸೆಮರ. ಕಟ್ಟೆ. ಸುತ್ತ ಜಾಲಿಮುಳ್ಳಿನ ಬೇಲಿ. "ಮನೆಗಳಿಂದ ದೂರ, ಊರ ಹೊರಗೆ, ಕುರಿ ಕೂಡೋ ರೊಪ್ಪ," ಎಂದು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದಳು. ಚಿತ್ರ ಬಂತು. ಊರಾಚೆ ಒಂದು ರೊಪ್ಪ, ಅದರ ತುಂಬ ಹತ್ತಿಯಂಥ ಬಿಳಿ ಕುರಿಗಳು.

"ಹಂಗಲ್ಲ ಮಿಸ್."

ದನಿ ಕಿಟಕಿಯ ಕಡೆಯಿಂದ ಬಂದಿತ್ತು. ಚೈತ್ರಶ್ರೀ ಕೀಲಿಮಣೆಯ ಮೇಲೆಯೇ ಕಣ್ಣಿಟ್ಟು, "ಯಾಕಮ್ಮ? ಸರಿಯಾಗೇ ಐತಲ್ಲ," ಎಂದಳು.

"ರೊಪ್ಪ ಊರ ಹೊರಗೆ ಇರಲ್ಲ. ಮನೆ ಮಗ್ಗುಲಾಗೇ ಇರ್ತೈತೆ. ರಾತ್ರಿ ಮರಿ ಕೂಗಿದ್ರೆ ಕೇಳಿಸಬೇಕಲ್ಲ?"

"ನಮ್ಮ ಹಟ್ಟೀಲಿ ಹೊರಗೇ ಐತಮ್ಮ. ನಾನೇ ನೋಡೀನಿ."

"ಅದು ನಿಮ್ಮ ಹಟ್ಟಿ ಮಿಸ್!" ದುರ್ಗಾಂಬಿಕಾ ಎದ್ದು ನಿಂತೇಬಿಟ್ಟಿದ್ದಳು. "ನಮ್ಮ ಹಟ್ಟೀಲಿ ಹಿಂಗಲ್ಲ. ನಮ್ದು ದುಂಡಗೈತೆ. ಮನೆ ಎಲ್ಲ ಸುತ್ತ ಕಟ್ಟೀವಿ, ನಡುವೆ ಕುರಿ ಕೂಡ್ತೀವಿ. ಒಂದು ನಾಯಿ ಬೊಗಳಿದ್ರೆ ಎಲ್ಲಾ ಮನೆ ಬಾಗಿಲು ತೆಗೀತಾವೆ."

ದೊಡ್ಡಣ್ಣ ಮೇಷ್ಟ್ರು ಗಡಿಯಾರ ನೋಡಿಕೊಂಡು, "ರಸಪ್ರಶ್ನೆ ಇತ್ತಲ್ಲಮ್ಮ ಯೋಜನೆಯಲ್ಲಿ?" ಎಂದು ಮೆಲ್ಲಗೆ ನೆನಪಿಸಿದರು.

"ಇತ್ತು ಸರ್," ಎಂದಳು ಚೈತ್ರಶ್ರೀ. "ಇವತ್ತು ಆಗಲಿಕ್ಕಿಲ್ಲ."

ಅವರು ಏನೋ ಬರೆದುಕೊಂಡರು. ಅದನ್ನು ಕಂಡೂ ಅವಳು ಕುರ್ಚಿಯಿಂದ ಎದ್ದು ಪಕ್ಕಕ್ಕೆ ಸರಿದಳು. "ನಿಮ್ಮ ಹಟ್ಟಿ ನಂಗೆ ಗೊತ್ತಿಲ್ಲಮ್ಮ. ನೀನೇ ಬಂದು ಹೇಳು ಇದಕ್ಕೆ."

ದುರ್ಗಾಂಬಿಕಾ ಬಂದಳು. ಕುರ್ಚಿಯ ತುದಿಯಲ್ಲಿ ಕೂತು, ಅಕ್ಷರಗಳನ್ನು ಹುಡುಕಿ ಹುಡುಕಿ ಒತ್ತತೊಡಗಿದಳು. ಭೀಮೇಶ್ ತನ್ನ ಜಾಗದಿಂದಲೇ ಕೊರಳುದ್ದ ಮಾಡಿ, "ಒತ್ತಕ್ಷರ ಅಲ್ಲೈತೆ ನೋಡೇ, ಬಲಗಡೆ," ಎಂದು ತೋರಿಸಿದ. ದುಂಡಗಿನ ಊರು ಮೂಡಿತು. ನಡುವೆ ರೊಪ್ಪ, ರೊಪ್ಪದ ಬಾಗಿಲಲ್ಲಿ ನಾಯಿ.

ಗಂಟೆ ಹೊಡೆಯಿತು. ಮುಂದಿನ ಪಿರಿಯಡ್ಡಿನ ಗಣಿತದ ಮೇಷ್ಟ್ರು ಬಾಗಿಲಿಗೆ ಬಂದರು. ಅನ್ನಪೂರ್ಣಮ್ಮ ಕೂತಲ್ಲಿಂದಲೇ ಕೈ ಅಡ್ಡ ಹಿಡಿದು, "ಒಂದೈದು ನಿಮಿಷ ತಡೀರಿ, ಊರು ಕಟ್ತಾ ಇದಾರೆ," ಎಂದರು. ಅವರು ಹೊಸ್ತಿಲಲ್ಲೇ ನಿಂತು ಟಿವಿಯ ಕಡೆ ನೋಡಿದರು. ದೊಡ್ಡಣ್ಣ ಮೇಷ್ಟ್ರೂ ಏಳಲಿಲ್ಲ.

"ಆಯ್ತೇನಮ್ಮ?" ಎಂದು ಕೇಳಿದಳು ಚೈತ್ರಶ್ರೀ.

ದುರ್ಗಾಂಬಿಕಾ ಚಿತ್ರವನ್ನು ಮೇಲಿನಿಂದ ಕೆಳಗೆ ನೋಡಿದಳು. "ಇನ್ನೂ ಇಲ್ಲ ಮಿಸ್," ಎಂದಳು. "ಕುರಿ ಬಿಳೇವು ಬಂದಾವೆ. ನಮ್ಮವು ಕರೇವು." ಮತ್ತೆ ಕೀಲಿಮಣೆಯ ಮೇಲೆ ಬಗ್ಗಿದಳು.